ಇಸ್ತ್ರಿಯ ದೃಶ್ಯ

ಊಟದ ನಡುವೆ ಅಳಿಯ ಮತ್ತೆ ಆ ಮಾತು ಎತ್ತಿದಾಗ ಅವನು ನೀರಿನ ಲೋಟಕ್ಕೆ ಕೈ ಹಾಕಿದ. ಬಾಯಾರಿಕೆಯೇನೂ ಇರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ದಿನದಿಂದ ಆ ಒಂದು ವಾಕ್ಯ ಎಲ್ಲ ಕಡೆಯೂ ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಕ್ಷೌರದಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಅದು ಬಂದಿತ್ತು. "ದೃಶ್ಯ ಇರೋದು ಬೇರೆ, ಕಾಣಿಸೋದು ಬೇರೆ." ವರ್ಷದ ಅತ್ಯುತ್ತಮ ಚಿತ್ರವನ್ನು ಆರಿಸಿದ ಏಳು ಜನರ ಸಮಿತಿಯಲ್ಲಿ ಅವನೂ ಒಬ್ಬ. ನಲವತ್ತು ವರ್ಷ ಸಂಕಲನದ ಮೇಜಿನ ಮುಂದೆ ಕೂತು ಬೆನ್ನು ಬಾಗಿಸಿಕೊಂಡವನು. ಚಿತ್ರರಂಗದವರು ಎದುರಿಗೂ ಬೆನ್ನ ಹಿಂದೆಯೂ ಕತ್ತರಿ ಮೇಷ್ಟ್ರು ಎಂದೇ ಕರೆಯುವವನು. ಪ್ರಶಸ್ತಿ ಪ್ರಕಟವಾದ ಮರುದಿನ ಸಮಿತಿಯ ಅಧ್ಯಕ್ಷರು ಸಂದರ್ಶನದಲ್ಲಿ, "ಗಂಟೆಗಟ್ಟಲೆ ಜಗಳ ಆಯ್ತು, ನಮ್ಮ ಕತ್ತರಿ ಮೇಷ್ಟ್ರು ಒಂದೇ ಮಾತಲ್ಲಿ ಮುಗಿಸಿಬಿಟ್ರು" ಎಂದು ಆ ವಾಕ್ಯವನ್ನು ಹೇಳಿದ್ದರು. ಈಗ ಅಳಿಯ, ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುವವನು, ತಟ್ಟೆಯ ಮೇಲೆ ಬೆರಳೆತ್ತಿ, "ಮಾವ, ಒಂದು ಥಿಯರಂ ಇದ್ದ ಹಾಗಿದೆ ನಿಮ್ಮ ಮಾತು. ಕೂಡಿಸೋ ಹಾಗಿಲ್ಲ, ಕಳೆಯೋ ಹಾಗಿಲ್ಲ" ಎಂದ.

"ನಿಮ್ಮ ಥಿಯರಂ ಬದಿಗಿಡಿ," ಎಂದಳು ಮಗಳು. "ಆ ದಂಡಿನ ಸಿನಿಮಾದಲ್ಲಿ ಪ್ರಶಸ್ತಿ ಕೊಡಬೇಕಿದ್ದಿದ್ದು ಕುದುರೆಗಳಿಗೆ. ಪಾಪ, ಅವು ಮಾತ್ರ ಮನಸ್ಸಿಟ್ಟು ನಟಿಸಿದ್ದವು."

ಹೆಂಡತಿ ನಕ್ಕಳು. ಅವನೂ ನಕ್ಕ. ಗೆದ್ದದ್ದು ಕೋಟೆ, ದಂಡು, ಸಾವಿರ ಜನ ಸೈನಿಕರಿದ್ದ ಚಿತ್ರ. ಒಂದು ಮತದಿಂದ ಸೋತದ್ದು ಹೊಸ ಹುಡುಗಿಯೊಬ್ಬಳ ಮೊದಲ ಚಿತ್ರ. ಅದರಲ್ಲಿ ಒಬ್ಬ ತಾಯಿ ಒಂದು ಬೆಳಿಗ್ಗೆ ಗಂಡ, ಅತ್ತೆ, ಮಗಳನ್ನು ಬಿಟ್ಟು ಬಸ್ಸು ಹತ್ತಿ ಹೋಗಿಬಿಡುತ್ತಾಳೆ, ಅಷ್ಟೇ ಕಥೆ. ಯಾವುದಕ್ಕೆ ಸಿಗಬೇಕಿತ್ತು ಎಂಬ ಜಗಳ ಊರಿಗೆಲ್ಲ ಹಬ್ಬಿ, ತಣ್ಣಗಾಗಿ, ಈಗ ಭಾನುವಾರದ ಊಟದ ಮೇಜಿನಲ್ಲಿ ಮಾತ್ರ ಉಳಿದಿತ್ತು. ಮಗಳು ನಿನ್ನೆಯಷ್ಟೇ ಆ ಚಿತ್ರ ನೋಡಿ ಬಂದಿದ್ದಳು.

"ಅಪ್ಪ, ನಿಜ ಹೇಳು. ಅದು ನಿನಗೆ ಯಾಕೆ ಹಿಡಿಸಲಿಲ್ಲ?"

"ಹಿಡಿಸಲಿಲ್ಲ ಅಂತಲ್ಲಮ್ಮ. ಆಕೆ ಯಾಕೆ ಹೋಗ್ತಾಳೆ ಅನ್ನೋದು ಚಿತ್ರದಲ್ಲಿ ಎಲ್ಲೂ ಇಲ್ಲ. ನಲ್ಲಿ ನಿಲ್ಲಿಸ್ತಾಳೆ, ಆಮೇಲೆ ನೋಡಿದ್ರೆ ಬಸ್ಸಲ್ಲಿ ಕೂತಿದ್ದಾಳೆ. ಮಧ್ಯೆ ಒಂದು ಸೇತುವೆ ಬೇಡವಾ?"

"ನಲ್ಲಿ ಆದಮೇಲೆ ಇಸ್ತ್ರಿ ಇದೆಯಲ್ಲಪ್ಪ."

"ಯಾವ ಇಸ್ತ್ರಿ?"

ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಯಾವ ಇಸ್ತ್ರಿ ಅಂದ್ರೆ? ಇಡೀ ಸಿನಿಮಾನೇ ಅದು."

"ಹಾಂ, ಅದಾ," ಎಂದು ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಕಾಣುತ್ತಿದ್ದೇನೆಯೇ ಎಂದು ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿದ. ಅವಳು ಅಳಿಯನಿಗೆ ಬಡಿಸುತ್ತಿದ್ದಳು. ಅಳಿಯ ದಂಡಿನ ಚಿತ್ರದ ಪರ ವಾದಕ್ಕಿಳಿದ.

ಸಮಿತಿಯ ಪ್ರದರ್ಶನದಲ್ಲಿ ಕಣ್ಣು ಮುಚ್ಚಿದ್ದು ನಿಜ. ಎರಡು ನಿಮಿಷ. ಮೂರು ತಿಂಗಳಿಂದ ಅವನು ತನಗೆ ತಾನೇ ಎರಡು ನಿಮಿಷ ಎಂದೇ ಹೇಳಿಕೊಂಡು ಬಂದಿದ್ದ. ದಿನಕ್ಕೆ ನಾಲ್ಕು ಚಿತ್ರ, ಅದು ಐದನೆಯ ದಿನ, ನೆಲಮಾಳಿಗೆಯ ಪುಟ್ಟ ಥಿಯೇಟರು, ತೋಳಿನ ಮೇಲೆ ಕೂದಲೆದ್ದು ನಿಲ್ಲುವಷ್ಟು ತಣ್ಣಗಿನ ಗಾಳಿ, ಹೊಟ್ಟೆ ತುಂಬ ಊಟ. ಪರದೆಯ ಮೇಲೆ ಆ ತಾಯಿ ಅಡುಗೆಮನೆಯ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಹನಿ ನಿಂತಿತು. ಆಮೇಲೆ ಬಸ್ಸಿನ ಕಿಟಕಿ, ಕಿಟಕಿಯಲ್ಲಿ ಆಕೆಯ ಮುಖ. ಏನು ಎದೆಗಾರಿಕೆ ಈ ಹುಡುಗಿಯದು, ನಡುವೆ ಏನೂ ತೋರಿಸದೆ ಹಾರಿಬಿಟ್ಟಳಲ್ಲ ಎಂದು ಮೊದಲು ಮೆಚ್ಚಿಕೊಂಡಿದ್ದ. ನಂತರ ಮೆಚ್ಚಿಗೆ ಅನುಮಾನವಾಯಿತು, ಅನುಮಾನ ತೀರ್ಪಾಯಿತು, ಮಡಿಲ ಮೇಲಿದ್ದ ಹಾಳೆಯಲ್ಲಿ ಕತ್ತಲಲ್ಲೇ ಗೀಚಿದ: ನಲ್ಲಿ, ಬಸ್ಸು, ಸೇತುವೆ ಇಲ್ಲ. ಮರುದಿನ ಉದ್ದ ಮೇಜಿನ ಸುತ್ತ ಮೂವರು ಇತ್ತ, ಮೂವರು ಅತ್ತ ಆಗಿ ಎಲ್ಲರ ಮುಖ ತನ್ನ ಕಡೆ ತಿರುಗಿದಾಗ ಅವನಿಗೆ ಯೌವನವೇ ಮರಳಿದಂತಾಗಿತ್ತು. ಹಿಂದೆ ನಿರ್ಮಾಪಕರು, ನಿರ್ದೇಶಕರು, ನಾಯಕರೆಲ್ಲ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತು ಅವನ ಕೈಯನ್ನೇ ನೋಡುತ್ತಿದ್ದ ದಿನಗಳಿದ್ದವು. ಅವನು ಸೇತುವೆ ಇಲ್ಲ ಎಂದ. ಬಟ್ಟೆಯಮ್ಮ ಎಂದು ಎಲ್ಲರೂ ಕರೆಯುವ ವಸ್ತ್ರವಿನ್ಯಾಸದ ಹೆಂಗಸು ಮೆಲ್ಲಗೆ, "ಇದೆಯಲ್ಲ ಮೇಷ್ಟ್ರೇ, ಆ ದೃಶ್ಯ..." ಎಂದು ಶುರುಮಾಡಿದಳು. ಆಕೆಯ ವಾಕ್ಯ ಮುಗಿಯಲು ಅವನು ಬಿಡಲಿಲ್ಲ. "ಅಮ್ಮಾ, ದೃಶ್ಯ ಇರೋದು ಬೇರೆ, ಕಾಣಿಸೋದು ಬೇರೆ." ಮೇಜಿನ ಸುತ್ತ ನಗು ಎದ್ದಿತು. ಆಕೆ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಕೈ ತೊಳೆದು ಬಂದವನೇ ಚಪ್ಪಲಿ ಮೆಟ್ಟಿಕೊಂಡ. "ಕನ್ನಡಕ ಸಡಿಲ ಆಗಿದೆ, ಸರಿಮಾಡಿಸ್ಕೊಂಡು ಬರ್ತೀನಿ."

"ಭಾನುವಾರ ಕನ್ನಡಕದಂಗಡಿ ಯಾರು ತೆಗೆದಿರ್ತಾರೆ?" ಎಂದಳು ಹೆಂಡತಿ.

"ತೆಗೆದಿದ್ರೆ ಮಾಡಿಸ್ತೀನಿ, ಇಲ್ದಿದ್ರೆ ಇಲ್ಲ."

ಆ ಚಿತ್ರಕ್ಕೆ ಅದು ಕೊನೆಯ ವಾರ. ದೊಡ್ಡ ಅಂಗಡಿಗಳ ಕಟ್ಟಡದ ಮೇಲಂತಸ್ತಿನಲ್ಲಿ ಎಲ್ಲಕ್ಕಿಂತ ಚಿಕ್ಕ ಪರದೆಯಲ್ಲಿ ಮಧ್ಯಾಹ್ನ ಒಂದೇ ಆಟ. ಟಿಕೆಟಿನ ಹುಡುಗಿ, "ಹಿರಿಯ ನಾಗರಿಕರಾ?" ಎಂದು ಕೇಳಿದಳು. ಹೌದು ಎನ್ನಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಒಳಗೆ ಒಂಬತ್ತು ಜನ. ಅವನು ನಡುವಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಪರೀಕ್ಷೆಗೆ ಕೂತವನಂತೆ ಕೂತ. ನಿದ್ದೆ ಬಂದರೆ ಎಂಬ ಭಯಕ್ಕೆ ಹೊರಗೆ ಎರಡು ಕಪ್ ಕಾಫಿ ಕುಡಿದುಬಂದಿದ್ದ. ಚಿತ್ರ ಶುರುವಾಯಿತು. ಹಿಂದೆ ನೋಡಿದ್ದೆಲ್ಲ ಇತ್ತು, ಅದೇ ಮನೆ, ಅದೇ ಕಿರಿದಾದ ಓಣಿ, ಸಂಜೆ ಮಗಳ ಜಡೆ ಬಿಚ್ಚುವ ಕೈ. ಆಕೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಹನಿ ನಿಂತಿತು. ಅವನು ಕೈಗಡಿಯಾರದ ಗುಂಡಿ ಒತ್ತಿ ಅದರ ಸಣ್ಣ ಬೆಳಕಿನಲ್ಲಿ ಗಂಟೆ ನೋಡಿಕೊಂಡ.

ಬಸ್ಸು ಬರಲಿಲ್ಲ. ಒಂದು ಕೋಣೆ ಬಂತು, ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ಕಂಬಳಿ ಹಾಸಿ ಆಕೆ ಗಂಡನ ಶರ್ಟನ್ನು ಇಸ್ತ್ರಿ ಮಾಡುತ್ತಿದ್ದಳು. ಪಕ್ಕದ ಕೋಣೆಯಿಂದ ಗಂಡ ಮತ್ತು ಅತ್ತೆಯ ಮಾತು ಕೇಳಿಸುತ್ತಿತ್ತು. ಜಗಳವಲ್ಲ, ಬೈಗುಳವಲ್ಲ. ಆಕೆಯ ಹೊಲಿಗೆ ಯಂತ್ರವನ್ನು ಆ ಮೂಲೆಯಿಂದ ತೆಗೆದರೆ ಹೊಸ ಕಪಾಟು ಅಲ್ಲಿ ಹಿಡಿಸುತ್ತದೆಯೇ ಎಂದು ಅಳೆಯುತ್ತಿದ್ದರು. "ಅವಳನ್ನ ಒಂದು ಮಾತು ಕೇಳೋಣವಾ?" ಎಂದಿತು ಅತ್ತೆಯ ದನಿ. "ಅವಳದೇನು, ಹ್ಞೂಂ ಅಂತಾಳೆ," ಎಂದಿತು ಗಂಡನ ದನಿ, ಅಕ್ಕರೆಯಿಂದಲೇ. ಶರ್ಟು ಮುಗಿಯಿತು. ಆಕೆ ಅದನ್ನು ಮಡಚಿ ಇಟ್ಟಳು. ಇಟ್ಟವಳು ಮತ್ತೆ ಬಿಡಿಸಿ, ನೀರು ಚಿಮುಕಿಸಿ, ಅದೇ ಶರ್ಟನ್ನು ಕಾಲರಿನಿಂದ ಮತ್ತೆ ಇಸ್ತ್ರಿ ಮಾಡತೊಡಗಿದಳು. ಮಾತು ಅಳತೆ ಪಟ್ಟಿಯಿಂದ ಬಣ್ಣಕ್ಕೆ ಹೋಯಿತು. ಮೂರನೆಯ ಸಲ ಬಿಡಿಸಿದಾಗ ಆಕೆಯ ಮುಖದಲ್ಲಿ ಏನೂ ಇರಲಿಲ್ಲ. ಸಿಟ್ಟಿಲ್ಲ, ಕಣ್ಣೀರಿಲ್ಲ. ಕ್ಯಾಮೆರಾ ಕದಲಲಿಲ್ಲ, ಯಾರೂ ಎಲ್ಲೂ ಕತ್ತರಿಸಲಿಲ್ಲ. ಅವನ ಬಲಗೈಯ ಹೆಬ್ಬೆರಳು ತಾನಾಗಿ ತೋರುಬೆರಳಿಗೆ ತಾಗಿ ತಾಗಿ ಬರುತ್ತಿತ್ತು. ಇಲ್ಲಿ ಕತ್ತರಿಸು, ಇಲ್ಲಿ, ಇಲ್ಲಿ. ಪ್ರೇಕ್ಷಕ ಆಕಳಿಸುವ ಮೊದಲೇ ಕತ್ತರಿಸಬೇಕು ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು, ಅವನು ಹತ್ತಾರು ಮಂದಿಗೆ ಅದನ್ನೇ ಹೇಳಿಕೊಟ್ಟಿದ್ದ. ವರ್ಷಗಳ ಹಿಂದೆ ಒಂದು ಸಂಜೆ ಅವನ ಮನೆಯ ಹೊರಕೋಣೆಯಲ್ಲಿ ನಿರ್ಮಾಪಕರು ಕೂತಿದ್ದರು, ಒಳಗೆ ಹೆಂಡತಿ ಚಹಾ ಮಾಡುತ್ತಿದ್ದಳು. ಹೊಸ ಚಿತ್ರ ನಿಮ್ಮ ಮನೆಯವರಿಗೆ ಹೇಗನ್ನಿಸಿತು ಎಂದು ಯಾರೋ ಕೇಳಿದರು. "ಅವಳಿಗೇನ್ರೀ ಗೊತ್ತು, ಪರದೆ ಮೇಲೆ ಯಾರು ಅತ್ರೂ ತಾನೂ ಅಳ್ತಾಳೆ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಚಹಾ ಬರಲು ಆವತ್ತು ಸ್ವಲ್ಪ ತಡವಾಯಿತು. ಅಷ್ಟು ಹೊತ್ತು ಒಳಗೆ ಅವಳು ಏನು ಮಾಡುತ್ತಿದ್ದಳೋ ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಪರದೆಯ ಮೇಲೆ ಆಕೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ವೈರನ್ನು ಒಂದು ಸುತ್ತೂ ತಪ್ಪದಂತೆ ಸುತ್ತಿ, ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಇಟ್ಟಳು. ಆಮೇಲೆ ಬಸ್ಸು ಬಂತು. ಕೈಗಡಿಯಾರ ನೋಡಿದ. ಹನ್ನೊಂದು ನಿಮಿಷ.

ಬಟ್ಟೆಯಮ್ಮನ ಮನೆಯ ಮುಂದಿನ ಕೋಣೆಯೇ ಆಕೆಯ ಕಾರ್ಖಾನೆ. ತಲೆಯಿಲ್ಲದ ಗೊಂಬೆಯೊಂದಕ್ಕೆ ಹಸಿರು ಅಂಗಿ ತೊಡಿಸಿ ಆಕೆ ಮಂಡಿಯೂರಿ ಅಂಚಿಗೆ ಗುಂಡುಪಿನ್ನು ಚುಚ್ಚುತ್ತಿದ್ದಳು. ತುಟಿಗಳ ನಡುವೆ ಇನ್ನೂ ನಾಲ್ಕು ಪಿನ್ನು. ಬಾಗಿಲಲ್ಲಿ ಅವನನ್ನು ಕಂಡು ಎದ್ದು, ಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು, "ಬನ್ನಿ ಮೇಷ್ಟ್ರೇ" ಎಂದಳು. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ. ಮೊದಲು ವಯಸ್ಸು, ಆಮೇಲೆ ಐದು ದಿನದ ದಣಿವು, ಕೊನೆಗೆ ಆ ಮಾತು. ಆದರೆ ಕೂತವನ ಬಾಯಿಂದ ಕೊನೆಯದೇ ಮೊದಲು ಬಂತು.

"ಆವತ್ತು ನಾನು ನಿದ್ದೆ ಮಾಡಿಬಿಟ್ಟಿದ್ದೆ."

"ಗೊತ್ತು," ಎಂದಳು ಆಕೆ.

"ಗೊತ್ತಾ?"

"ನಾನು ನಿಮ್ಮ ಹಿಂದಿನ ಸಾಲಲ್ಲೇ ಇದ್ನಲ್ಲ. ಗೊರಕೆ ಕೇಳಿಸ್ತಿತ್ತು." ಆಕೆಯೇ ಸೇರಿಸಿದಳು, "ಎಲ್ಲರಿಗೂ ಕೇಳಿಸ್ತಿತ್ತು. ಅಧ್ಯಕ್ಷರು ಒಂದು ಸಲ ತಿರುಗಿ ನೋಡಿದ್ರು."

ಬೀದಿಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಅವನ ಕಿವಿಯ ತುದಿ ಬಿಸಿಯಾಯಿತು. ಮೇಜಿನ ಸುತ್ತ ಎದ್ದ ಆ ನಗುವನ್ನು ಅವನು ಮೂರು ತಿಂಗಳಿಂದ ಬಿಡುವಾದಾಗಲೆಲ್ಲ ತೆಗೆದು ಸವಿದಿದ್ದ. ಈಗ ಒಂದೊಂದೇ ಮುಖ ನೆನಪು ಮಾಡಿಕೊಂಡ. ಅಧ್ಯಕ್ಷರು ಕೆಳಗೆ ನೋಡುತ್ತ ನಕ್ಕಿದ್ದರು. ಸಮಿತಿಯಲ್ಲಿದ್ದ ಛಾಯಾಗ್ರಾಹಕ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದ.

"ಹಾಗಾದರೆ ಆವತ್ತು ನಕ್ಕಿದ್ದು..."

"ನನ್ನ ನೋಡಿ ನಕ್ರು ಅಂದ್ಕೊಂಡಿದ್ರಾ?" ಆಕೆಯ ದನಿಯಲ್ಲಿ ಕುಹಕವಿರಲಿಲ್ಲ. ಅದಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನೋಡದೇ ಇರೋರು ಕಾಣಿಸ್ಲಿಲ್ಲ ಅಂದ್ರೆ ಯಾರಿಗೆ ನಗು ಬರಲ್ಲ ಹೇಳಿ? ಆದ್ರೂ ಮಾತು ಚೆನ್ನಾಗಿತ್ತು. ದಂಡಿನ ಕಡೆಯವರಿಗೆ ಅಷ್ಟೇ ಬೇಕಾಗಿತ್ತು, ಹಿಡ್ಕೊಂಡ್ರು."

"ನೀವು ಹೇಳಬಹುದಿತ್ತು."

"ಹೇಳಬಹುದಿತ್ತು." ಆಕೆ ಅಂಗೈಯ ಪಿನ್ನುಗಳನ್ನು ಡಬ್ಬಿಗೆ ಸುರಿದಳು. "ನಿಮ್ಮ ಮರ್ಯಾದೆ ಉಳಿಸಿದೆ ಅಂತ ಆವತ್ತು ಅಂದ್ಕೊಂಡೆ. ಮನೆಗೆ ಬಂದಮೇಲೆ ಗೊತ್ತಾಯ್ತು, ಮುಂದಿನ ವರ್ಷ ಸಮಿತಿಗೆ ಕರೆಯಲ್ಲ ಅನ್ನೋ ಭಯಕ್ಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಎರಡೂ ಇತ್ತೋ ಏನೋ. ಈಗ ನನಗೆ ಹೇಳಿ ಏನು ಬಂತು ಮೇಷ್ಟ್ರೇ? ಆ ಸಿನಿಮಾ ಮಾಡಿದ ಹುಡುಗಿಗೆ ಹೇಳಿ. ಇಲ್ಲೇ, ಅಂಚೆ ಕಚೇರಿ ಎದುರಿನ ಸ್ಟುಡಿಯೋದ ಮಹಡಿ ಮೇಲೆ ಮದುವೆ ವಿಡಿಯೋ ಎಡಿಟ್ ಮಾಡ್ತಾಳೆ."

ಮೆಟ್ಟಿಲು ಕಿರಿದಾಗಿತ್ತು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ಮೇಲೆ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡು ಪರದೆಗಳ ಮುಂದೆ ಕೂತಿದ್ದಳು. ಬೆನ್ನು ಆಗಲೇ ಬಾಗತೊಡಗಿತ್ತು. ಅವನನ್ನು ಕಂಡವಳು ಹೆಡ್‌ಫೋನನ್ನು ಎಳೆದು ತೆಗೆದು ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಉರುಳಿತು.

"ಸರ್, ನೀವಾ? ಕೂತ್ಕೊಳ್ಳಿ ಸರ್. ನೀರು ಕೊಡ್ಲಾ?"

ಅವನಿಗೆ ಕೂರಲಾಗಲಿಲ್ಲ. ನಿಂತೇ ಹೇಳಿದ. ನಲ್ಲಿಯಿಂದ ಬಸ್ಸಿನವರೆಗೆ ತಾನು ನಿದ್ದೆಯಲ್ಲಿದ್ದದ್ದು, ನೋಡದ ದೃಶ್ಯವನ್ನು ಇಲ್ಲ ಎಂದು ವಾದಿಸಿದ್ದು, ಏಳನೆಯ ಮತ ತನ್ನದಾಗಿದ್ದದ್ದು, ಇವತ್ತು ಮಧ್ಯಾಹ್ನ ಮೊದಲ ಸಲ ಅದನ್ನು ನೋಡಿದ್ದು. ಆಕೆ ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.

"ನನಗೆ ಹೇಳಿದ ಮೇಲೆ ನಿಮಗೆ ಹಗುರ ಆಯ್ತಾ ಸರ್?"

"ಇಲ್ಲ."

"ನನಗೆ ಭಾರ ಆಯ್ತು." ಆಕೆ ಕೂತಳು. "ನೀವು ಮಾಡಿದ ಚಿತ್ರಗಳನ್ನ ಒಂದೊಂದು ಶಾಟ್ ನಿಲ್ಲಿಸಿ ನಿಲ್ಲಿಸಿ ನೋಡಿ ನಾನು ಕೆಲಸ ಕಲಿತಿದ್ದು. ಪ್ರಶಸ್ತಿ ಹೋಯ್ತು ಅಂತ ಅಳಲಿಲ್ಲ. ಪತ್ರಿಕೆಯಲ್ಲಿ ನಿಮ್ಮ ಮಾತು ಓದಿ ಅತ್ತೆ. ಆಮೇಲೆ ಯೋಚನೆ ಮಾಡಿದೆ, ಮೇಷ್ಟ್ರಿಗೇ ಕಾಣಿಸಲಿಲ್ಲ ಅಂದ್ರೆ ತಪ್ಪು ನನ್ನದೇ. ಇಲ್ಲಿ ನೋಡಿ."

ಕೀಲಿಮಣೆಯ ಮೇಲೆ ಬೆರಳಾಡಿಸಿದಳು. ಬಲಗಡೆಯ ಪರದೆಯಲ್ಲಿ ಆ ಕೋಣೆ ಬಂತು, ಆ ಮೇಜು. ಈಗ ಹನ್ನೊಂದು ನಿಮಿಷದ ದೃಶ್ಯ ಎರಡು ನಿಮಿಷವಾಗಿತ್ತು, ಚಿತ್ರೀಕರಣದಲ್ಲಿ ತೆಗೆದು ಬಳಸದೆ ಬಿಟ್ಟಿದ್ದವೂ ಸೇರಿ ಹದಿನಾಲ್ಕು ತುಂಡು. ಗಂಡನ ಬಾಯಿ, ಅತ್ತೆಯ ಕಣ್ಣು, ಹೊಲಿಗೆ ಯಂತ್ರ, ಆಕೆಯ ಕೈ, ಮತ್ತೆ ಬಾಯಿ. ಶರ್ಟು ಒಂದೇ ಸಲ ಇಸ್ತ್ರಿಯಾಗುತ್ತಿತ್ತು. ಅದರ ಮೇಲೆ ಆ ತಾಯಿಯ ಮನದ ಮಾತನ್ನು ಹೊಸದಾಗಿ ಧ್ವನಿಮುದ್ರಣ ಮಾಡಿ ಸೇರಿಸಿದ್ದಳು: ಈ ಮನೆಯಲ್ಲಿ ನನಗೆ ಜಾಗವಿಲ್ಲ, ನಾನು ಹೊರಡಬೇಕು. ಎಲ್ಲವೂ ಕಾಣಿಸುತ್ತಿತ್ತು. ಕತ್ತರಿಸಿದ ಜಾಗಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ಅವನಿಗೆ ತನ್ನ ಕೈಯೇ ಗುರುತು ಸಿಕ್ಕಿತು.

"ಟಿವಿಯವರಿಗೆ ನಾಳೆ ಇದನ್ನ ಕೊಡಬೇಕು. ಇನ್ಮೇಲೆ ಜನ ನೋಡೋದು ಇದನ್ನೇ."

"ಬೇಡಮ್ಮಾ. ಮೊದಲಿನ ಹಾಗೇ ಇರಲಿ."

"ಯಾವ ಮಾತು ನಂಬಲಿ ಸರ್?" ದನಿ ಏರಿತು. "ಆವತ್ತಿಂದೋ ಇವತ್ತಿಂದೋ? ಮೂರು ತಿಂಗಳು ಇದರ ಮುಂದೆ ಕೂತಿದ್ದೀನಿ. ಹಗಲು ಯಾರದೋ ಮದುವೆ, ಸಂಜೆ ಇದು. ನನ್ನ ಸಿನಿಮಾದಲ್ಲಿ ಐಬಿತ್ತು, ಸರಿಮಾಡಿದೆ ಅಂತ ಮೊನ್ನೆಯಿಂದಷ್ಟೇ ನೆಮ್ಮದಿಯಾಗಿದ್ದೆ."

"ನನ್ನ ನಂಬಬೇಡಿ. ಎರಡನ್ನೂ ನೀವೇ ನೋಡಿ."

"ನಾನು ಸಾವಿರ ಸಲ ನೋಡಿದ್ದೀನಿ. ನನಗೀಗ ಏನೂ ಕಾಣಿಸಲ್ಲ. ನೀವು ನೋಡಿ."

ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಹಳೆಯ ದೃಶ್ಯವನ್ನು ಹಾಕಿದಳು. ತಾನು ಪರದೆಯ ಪಕ್ಕದಲ್ಲಿ, ಅವನ ಮುಖಕ್ಕೆ ಎದುರಾಗಿ ಗೋಡೆಗೊರಗಿ ನಿಂತಳು. ಆಕೆ ಪರದೆಯ ಕಡೆ ನೋಡಲೇ ಇಲ್ಲ, ಅವನ ಕಣ್ಣನ್ನೇ ನೋಡುತ್ತಿದ್ದಳು. ಸಂಕಲನದ ಮೇಜಿನಲ್ಲಿ ಅವನೂ ಹೀಗೇ ನೂರಾರು ಮುಖಗಳನ್ನು ನೋಡಿದ್ದ, ಎಲ್ಲಿ ರೆಪ್ಪೆ ಬಡಿಯುತ್ತದೆ, ಎಲ್ಲಿ ಗಮನ ಜಾರುತ್ತದೆ ಎಂದು ಹುಡುಕುತ್ತ. ತನ್ನ ಮುಖವನ್ನು ಯಾರೂ ಹೀಗೆ ನೋಡಿರಲಿಲ್ಲ. ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಆ ತಾಯಿ ಶರ್ಟು ಮಡಚಿದಳು, ಬಿಡಿಸಿದಳು. ಅತ್ತೆಯ ದನಿ ಕಪಾಟಿನ ಬಣ್ಣ ಕೇಳಿತು. ಮೂರನೆಯ ಸಲ ಶರ್ಟು ಬಿಡಿಸುವಾಗ, ಕುಡಿದ ಕಾಫಿಯ ಬಲವೆಲ್ಲ ಇಳಿದು, ದವಡೆಯ ಬುಡದಿಂದ ಒಂದು ಆಕಳಿಕೆ ಎದ್ದುಬಂತು. ಹಲ್ಲು ಕಚ್ಚಿ ತಡೆದ. ಕಣ್ಣಲ್ಲಿ ನೀರು ತುಂಬಿತು, ಆದರೂ ಮುಚ್ಚಲಿಲ್ಲ. ವೈರು ಸುತ್ತಿ ಮುಗಿಯಿತು. ಹುಡುಗಿ ಕೈ ಚಾಚಿ ದೃಶ್ಯವನ್ನು ನಿಲ್ಲಿಸಿದಳು.

"ಆಕಳಿಕೆ ಬಂತಲ್ಲ ಸರ್, ಮೂರನೇ ಸಲ ಬಿಡಿಸಿದಾಗ."

"ಬಂತು."

"ಅಲ್ಲಿ ಉದ್ದ ಆಯ್ತಾ?"

ಹೌದು ಎಂಬುದೂ ಇಲ್ಲ ಎಂಬುದೂ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಎರಡಕ್ಕೂ ಒಪ್ಪುವ ಒಂದೊಂದು ಚೆಂದದ ವಾಕ್ಯವೂ ಆಗಲೇ ಜೋಡಣೆಯಾಗುತ್ತಿತ್ತು.

"ಗೊತ್ತಿಲ್ಲಮ್ಮಾ. ನನಗೆ ಗೊತ್ತಾಗ್ತಾ ಇಲ್ಲ."

ಆಕೆ ಗೋಡೆ ಬಿಟ್ಟು ಅವನ ಕುರ್ಚಿಯ ಹಿಂದೆ ಬಂದಳು. ಆಮೇಲೆ ಬಗ್ಗಿ, ಅವನ ಭುಜದ ಮೇಲಿಂದ ಕೈ ಚಾಚಿ, ಹದಿನಾಲ್ಕು ತುಂಡುಗಳನ್ನು ಒಟ್ಟಿಗೆ ಹಿಡಿದು ಅಳಿಸಿ ಆ ಜಾಗದಲ್ಲಿ ಹಳೆಯ ದೃಶ್ಯವನ್ನು ಇಟ್ಟಳು. ಸಂತೋಷವೇನೂ ಕಾಣಲಿಲ್ಲ ಆ ಮುಖದಲ್ಲಿ. "ಇರಲಿ. ಆಕಳಿಕೆ ಬಂದ್ರೂ ನೀವು ಕಣ್ಣು ಮುಚ್ಚಲಿಲ್ಲ. ಆಕಳಿಸೋರು ಆಕಳಿಸ್ಲಿ," ಎಂದಳು. ಪ್ರಿಂಟರಿನಿಂದ ಒಂದು ಖಾಲಿ ಹಾಳೆ ಎಳೆದು ಅವನ ಮುಂದಿಟ್ಟಳು. "ನನಗೆ ಹೇಳಿದ್ದನ್ನ ಪತ್ರಿಕೆಗೂ ಬರೀತೀರಾ?"

ಅವನು ಬರೆದ. ಮೊದಲ ಸಲ ವಯಸ್ಸು, ದಣಿವು ಎಲ್ಲ ಬಂತು. ಅದನ್ನು ಹೊಡೆದುಹಾಕಿದ. ಎರಡನೆಯ ಸಲ ಐದು ಸಾಲು ಉಳಿಯಿತು. ಯಾರ ಹೆಸರೂ ಇಲ್ಲ, ಗೊರಕೆ ಕೇಳಿಯೂ ಸುಮ್ಮನಿದ್ದವರ ಮಾತಿಲ್ಲ, ತಾನು ನಿದ್ದೆ ಮಾಡಿದ್ದೆ, ನೋಡದೆ ತೀರ್ಪು ಕೊಟ್ಟೆ ಎಂಬುದಷ್ಟೇ. ಆಕೆ ಎರಡು ಸಲ ಓದಿ, ಒಂದು ಕಡೆ ತಪ್ಪಿದ್ದ ಕೊಂಬು ಸರಿಮಾಡಿ ಹಿಂದಕ್ಕೆ ಕೊಟ್ಟಳು. ಅವನು ಅದರ ಫೋಟೊ ತೆಗೆದು, ಅಧ್ಯಕ್ಷರನ್ನು ಸಂದರ್ಶಿಸಿದ್ದ ವರದಿಗಾರನಿಗೆ ತನ್ನ ಫೋನಿನಿಂದಲೇ ಕಳಿಸಿದ. ನಾಳೆಯೋ ನಾಡಿದ್ದೋ ಅಳಿಯ ಅದನ್ನು ಓದುತ್ತಾನೆ, ಮಗಳು ಓದುತ್ತಾಳೆ, ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಹೆಂಡತಿಗೆ ಮಾತ್ರ ಅದಕ್ಕೂ ಮೊದಲು ತಾನೇ ಹೇಳಬೇಕು, ಅವಳಿಗೆ ಹೇಳಬೇಕಾದದ್ದು ಇದೊಂದೇ ಅಲ್ಲ ಎಂದುಕೊಂಡ.

ಆಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಎಡಗಡೆಯ ಪರದೆಯ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡಿದ್ದಳು. ಮದುವೆಯ ವಿಡಿಯೋ ಓಡುತ್ತಿತ್ತು. "ನಾನು ಹೊರಡ್ಲಾ?" ಎಂದು ಕೇಳಿದ. ಆಕೆಗೆ ಕೇಳಿಸಲಿಲ್ಲ. ಭುಜ ಮುಟ್ಟಿ ಕರೆಯುವಷ್ಟು ಸಲಿಗೆ ಅವನಿಗಿರಲಿಲ್ಲ, ಹೇಳದೆ ಎದ್ದುಹೋಗುವ ಧೈರ್ಯವೂ ಇರಲಿಲ್ಲ. ಪರದೆಯ ಮೇಲೆ ಯಾರೋ ಹೂವಿನ ಬುಟ್ಟಿ ತರುತ್ತಿದ್ದರು, ಯಾರೋ ಮುದುಕಿ ಕ್ಯಾಮೆರಾ ಕಂಡು ಹಲ್ಲುಸೆಟ್ಟು ಸರಿಮಾಡಿಕೊಳ್ಳುತ್ತಿದ್ದಳು, ಮದುಮಗಳು ಯಾವುದನ್ನೋ ಹುಡುಕುವವಳಂತೆ ಬಾಗಿಲ ಕಡೆ ನೋಡುತ್ತಿದ್ದಳು. ಶಬ್ದವಿರಲಿಲ್ಲ. ಅವನು ಕನ್ನಡಕ ಒರೆಸಿ ಹಾಕಿಕೊಂಡು, ಗುರುತೇ ಇಲ್ಲದ ಆ ಜನರ ಮದುವೆಯನ್ನು ಒಂದು ಮುಖವನ್ನೂ ಬಿಡದೆ ನೋಡುತ್ತ ಕೂತ.